ಗಾಮಾ ಪೈಲ್ವಾನ: ಪಟ್ಟು ದೊಡ್ಡದೋ, ವರ್ಚಸ್ಸು ದೊಡ್ಡದೋ?

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ನನ್ನ ಊರು. ನಾನು ಹುಡುಗನಾಗಿದ್ದಾಗ ಅದು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಅದರ ಪಾಲಿಗೆ ಬಂತು. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ, ಒಂದು ಕೃಷಿ ಸಂಶೋಧನಾ ಕೇಂದ್ರ. ಹೊರಗಿನವರಿಗೆ ನಮ್ಮ ಊರಿನ ಗುರುತು ಇಷ್ಟೇ. ನನಗೆ ಮಾತ್ರ ಊರೆಂದೊಡನೆ ನೆನಪಾಗುವುದು ನಮ್ಮ ದೊಡ್ಡಪ್ಪ ಸಾಮು ತೆಗೆಯುತ್ತಿದ್ದ ಗರಡಿ ಮನೆ. ಅದರ ಬಾಗಿಲು ಗಿಡ್ಡ. ಎಂಥವನೂ ತಲೆ ತಗ್ಗಿಸಿಯೇ ಒಳಹೋಗಬೇಕು. ಒಳಗೆ ಎಣ್ಣೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಯ ಗೂಡಿನಲ್ಲಿ ಆಂಜನೇಯ, ಆಂಜನೇಯನ ಪಕ್ಕದಲ್ಲಿ ಕಟ್ಟು ಹಾಕಿಸಿದ ಒಂದು ಹಳೆಯ ಚಿತ್ರ. ಹೆಗಲ ಮೇಲೆ ಗದೆ ಹೊತ್ತು ನಿಂತ ಆ ಮೀಸೆಯ ಮನುಷ್ಯನೇ ಗಾಮಾ. ಊದುಬತ್ತಿ ಇಬ್ಬರಿಗೂ ಸಲ್ಲುತ್ತಿತ್ತು.

ಅಮೃತಸರಕ್ಕೂ ಕತ್ತಲಗೆರೆಗೂ ಏನು ನಂಟು ಎಂದು ಆಗ ನನಗೆ ಹೊಳೆದಿರಲಿಲ್ಲ. ಆದರೆ ಗಾಮಾನ ಹೆಸರು ಕನ್ನಡದ ಮಾತಿನೊಳಗೇ ಸೇರಿಹೋಗಿದೆ. ಯಾರಾದರೂ ಅತಿಯಾಗಿ ಮೆರೆದರೆ ಇವನೇನು ದೊಡ್ಡ ಗಾಮಾ ಪೈಲ್ವಾನನೋ ಎಂದು ಕೇಳುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಹಾಗೆ ಕೇಳುವವರಲ್ಲಿ ಎಷ್ಟೋ ಮಂದಿಗೆ ಆತ ನಿಜವಾಗಿ ಬದುಕಿದ್ದ ಮನುಷ್ಯ ಎಂಬುದೇ ತಿಳಿದಿರುವುದಿಲ್ಲ. ಹೆಸರು ಗಾದೆಯಾಗಿ, ಮನುಷ್ಯ ಮರೆಯಾಗುವುದು ಕೀರ್ತಿಯ ಕೊನೆಯ ಹಂತವಿರಬೇಕು.

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮೊಮ್ಮಗ ಮೊಬೈಲಿನಲ್ಲಿ ಅಮೆರಿಕದ ಕುಸ್ತಿ ನೋಡುತ್ತಿದ್ದ. ಅಲ್ಲಿ ಸೋಲು ಗೆಲುವು ಮೊದಲೇ ನಿಗದಿಯಾಗಿರುತ್ತದೆ ಎಂಬುದು ಅವನಿಗೂ ಗೊತ್ತು. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಆ ಉದ್ಯಮದವರೇ ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿದ್ದರು. ಕ್ರೀಡೆಗೆ ಅನ್ವಯಿಸುವ ತೆರಿಗೆ ಮತ್ತು ನಿಯಂತ್ರಣಗಳಿಂದ ಪಾರಾಗುವುದು ಆ ತಪ್ಪೊಪ್ಪಿಗೆಯ ಹಿಂದಿನ ಲೆಕ್ಕಾಚಾರ. ಗೆಲುವೇ ನಿಜವಲ್ಲದ ಕಡೆ ದೊಡ್ಡವನಾಗುವುದು ಯಾರು ಎಂದು ಹುಡುಗ ಕೇಳಿದ. ಪಟ್ಟು ಬಲ್ಲವನೋ, ಮಂದಿಯ ಕಣ್ಣನ್ನು ಹಿಡಿದು ನಿಲ್ಲಿಸಬಲ್ಲ ವರ್ಚಸ್ಸಿನವನೋ? ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಗರಡಿಯ ಗೋಡೆಯ ಮೇಲಿನ ಆ ಮನುಷ್ಯನ ಬದುಕನ್ನು ಮತ್ತೊಮ್ಮೆ ಓದತೊಡಗಿದೆ.

ಗಾಮಾನ ಪೂರ್ಣ ಹೆಸರು ಗುಲಾಮ್ ಮೊಹಮ್ಮದ್ ಬಕ್ಷ್. ಹುಟ್ಟಿದ್ದು 1878ರಲ್ಲಿ ಎಂದು ಸಾಮಾನ್ಯವಾಗಿ ಒಪ್ಪಿಕೊಳ್ಳಲಾಗಿದೆ. ಕಾಶ್ಮೀರಿ ಮೂಲದ ಮನೆತನ, ಕುಸ್ತಿಯೇ ಕುಲಕಸುಬು. ತಂದೆ ಅಜೀಜ್ ಬಕ್ಷ್ ಮಧ್ಯ ಭಾರತದ ದತಿಯಾ ಸಂಸ್ಥಾನದಲ್ಲಿ ಆಸ್ಥಾನದ ಪೈಲ್ವಾನ. ಮಗನಿಗೆ ಆರು ವರ್ಷವಾಗುವಷ್ಟರಲ್ಲಿ ಆತ ತೀರಿಕೊಂಡ. ಹುಡುಗನನ್ನು ಮೊದಲು ತಾಯಿಯ ತಂದೆ, ಅನಂತರ ಸೋದರಮಾವ ಸಾಕಿದರು, ಇಬ್ಬರೂ ಪೈಲ್ವಾನರೇ. ಮಗುವಿಗೆ ಮಾತು ಬಂದ ಹಾಗೆಯೇ ಬಸ್ಕಿಯೂ ಬಂತು ಎನ್ನಬಹುದು.

1888ರಲ್ಲಿ ಜೋಧಪುರದ ಮಹಾರಾಜರು ದೇಶದ ಪೈಲ್ವಾನರನ್ನೆಲ್ಲ ಕರೆಸಿ ಬಸ್ಕಿಯ ಪಂದ್ಯ ಇಟ್ಟರು. ನಾನೂರಕ್ಕೂ ಹೆಚ್ಚು ಮಂದಿ ಸೇರಿದ್ದರು. ಒಬ್ಬೊಬ್ಬರೇ ಸೋತು ಹೊರಬಂದು, ಕೊನೆಯಲ್ಲಿ ಉಳಿದ ಹದಿನೈದು ಮಂದಿಯಲ್ಲಿ ಹತ್ತು ವರ್ಷದ ಗಾಮಾನೂ ಒಬ್ಬ. ಮಹಾರಾಜರು ವಯಸ್ಸನ್ನು ಗಣನೆಗೆ ತೆಗೆದುಕೊಂಡು ಆ ಬಾಲಕನೇ ವಿಜೇತ ಎಂದು ಸಾರಿದರು. ಮೊಮ್ಮಗನ ಪ್ರಶ್ನೆಯನ್ನು ಇಲ್ಲಿಂದಲೇ ಹಚ್ಚಿ ನೋಡಬಹುದು. ಬರಿಯ ಲೆಕ್ಕ ಹಿಡಿದರೆ ಅಂದು ಅವನಿಗೆ ಸಮನಾಗಿ ನಿಂತವರು ಇನ್ನೂ ಹದಿನಾಲ್ಕು ಮಂದಿ ಇದ್ದರು. ಬಹುಮಾನ ಅವನ ಕೈಸೇರಿದ್ದು ಎಳೆಯ ಮುಖ ನೋಡಿದವರ ಎದೆ ಕರಗಿದ್ದರಿಂದ. ಆದರೆ ಆ ಮುಖ ಎಲ್ಲರ ಕಣ್ಣಿಗೆ ಬೀಳಬೇಕಾದರೆ ಮೊದಲು ನಾನೂರು ಮಂದಿಯ ನಡುವೆ ಕಾಲು ನಡುಗದೆ ನಿಲ್ಲಬೇಕಾಗಿತ್ತು.

ದತಿಯಾದ ಮಹಾರಾಜರು ಹುಡುಗನ ತಾಲೀಮಿನ ಹೊಣೆ ಹೊತ್ತರು. ದೊಡ್ಡವನಾದ ಮೇಲೆ ಗಾಮಾ ದಿನಕ್ಕೆ ಮೂರು ಸಾವಿರ ದಂಡ, ಐದು ಸಾವಿರ ಬಸ್ಕಿ ಹೊಡೆಯುತ್ತಿದ್ದನೆಂದು ಹೇಳುತ್ತಾರೆ. ಲೀಟರುಗಟ್ಟಲೆ ಹಾಲು, ತುಪ್ಪ, ಬಾದಾಮಿಯ ಲೆಕ್ಕವೂ ಉಂಟು. ಈ ಅಂಕಿಗಳಲ್ಲಿ ಅಭಿಮಾನದ ಪಾಲು ಎಷ್ಟೇ ಇರಲಿ, ಒಂದು ಮಾತು ಖಚಿತ. ಪೈಲ್ವಾನನ ದುಡಿಮೆಯ ಬಹುಭಾಗ ನಸುಕಿನ ಕತ್ತಲಲ್ಲಿ, ಯಾರೂ ನೋಡದ ಕಡೆ ನಡೆಯುತ್ತದೆ. ಜನ ಕಾಣುವುದು ಜಾತ್ರೆಯ ದಿನದ ಹತ್ತು ನಿಮಿಷ ಮಾತ್ರ. ಆ ಹತ್ತು ನಿಮಿಷದ ಬಂಡವಾಳವನ್ನು ಇಪ್ಪತ್ತು ವರ್ಷ ಹೂಡಿರಬೇಕಾಗುತ್ತದೆ. ಅದನ್ನು ಹೂಡುವವರು ಅಂದು ರಾಜರು. ನಮ್ಮ ಮೈಸೂರಿನ ದಸರಾ ಕುಸ್ತಿ, ಕೊಲ್ಹಾಪುರದ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ, ಇವೆಲ್ಲ ಅದೇ ವ್ಯವಸ್ಥೆಯ ಫಲ.

ಗಾಮಾನ ಎತ್ತರ ಸುಮಾರು ಐದು ಅಡಿ ಏಳು ಅಂಗುಲ. ಆ ಕಾಲದ ದೊಡ್ಡ ಹೆಸರು ಗುಜ್ರಾನ್‌ವಾಲಾದ ರಹೀಮ್ ಬಕ್ಷ್ ಸುಲ್ತಾನಿವಾಲಾ. ಎತ್ತರ ಏಳಡಿಗೆ ಹತ್ತಿರ. ಹದಿಹರೆಯದ ಗಾಮಾ ಆ ಬೆಟ್ಟದೆದುರು ನಿಂತಾಗ ನೋಡಲು ಬಂದವರು ಮಗುವನ್ನು ಬಲಿ ಕೊಡುತ್ತಿದ್ದಾರೆಂದೇ ಭಾವಿಸಿರಬೇಕು. ಕುಸ್ತಿ ಸಮವಾಯಿತು. ಮುಂದೆಯೂ ಅವರಿಬ್ಬರ ನಡುವೆ ತೀರ್ಪಾಗದ ಕುಸ್ತಿಗಳು ನಡೆದವು. ಗಾಮಾನ ಹೆಸರು ಪಸರಿಸಿದ್ದು ಗೆಲುವಿನಿಂದ ಮಾತ್ರವಲ್ಲ, ಹೀಗೆ ಸೋಲದೆ ಉಳಿದದ್ದರಿಂದಲೂ. 1910ರ ಹೊತ್ತಿಗೆ ದೇಶದಲ್ಲಿ ರಹೀಮನೊಬ್ಬನನ್ನು ಬಿಟ್ಟರೆ ಅವನಿಗೆ ಸರಿಜೋಡಿ ಇರಲಿಲ್ಲ.

ಆ ವರ್ಷ ಬಂಗಾಳದ ಶರತ್ ಕುಮಾರ್ ಮಿತ್ರ ಎಂಬ ಶ್ರೀಮಂತರ ನೆರವಿನಿಂದ, ತಮ್ಮ ಇಮಾಮ್ ಬಕ್ಷನ ಜೊತೆ, ಗಾಮಾ ಲಂಡನ್ನಿಗೆ ಹೋದ. ಲಂಡನ್ನಿನ ಕುಸ್ತಿ ನಮ್ಮ ಮಟ್ಟಿಯ ಕುಸ್ತಿಯಲ್ಲ. ಅದು ಟಿಕೆಟ್ಟಿನ ಮೇಲೆ ನಡೆಯುವ ವ್ಯಾಪಾರ. ಅದರ ನೀತಿಯನ್ನು ತಿಳಿಯಲು ಗಾಮಾನಿಗಿಂತ ಮೊದಲು ಅಲ್ಲಿ ಮೆರೆದ ಜಾರ್ಜ್ ಹ್ಯಾಕೆನ್‌ಸ್ಮಿತ್‌ನ ಕಥೆ ಸಾಕು. ಎಸ್ಟೋನಿಯಾದಲ್ಲಿ ಹುಟ್ಟಿದ ಆತ ಎಷ್ಟು ಬಲಶಾಲಿಯೆಂದರೆ ಎದುರಾಳಿಗಳನ್ನು ಕ್ಷಣಮಾತ್ರದಲ್ಲಿ ಕೆಡವಿಬಿಡುತ್ತಿದ್ದ. 1904ರಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಮದ್ರಾಲಿ ಎಂಬ ತುರ್ಕಿಯನೊಡನೆ ನಡೆದ ಬಹುನಿರೀಕ್ಷಿತ ಕುಸ್ತಿಯ ಮೊದಲ ಪಟ್ಟು ಒಂದು ನಿಮಿಷವೂ ನಡೆಯಲಿಲ್ಲ. ಹಣ ಕೊಟ್ಟು ಬಂದವರಿಗೆ ಇದು ರುಚಿಸುವುದಿಲ್ಲ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಿ.ಬಿ. ಕಾಕ್ರನ್ ಇದನ್ನರಿತು, ಎದುರಾಳಿಯನ್ನು ಬೇಗ ಕೆಡವದೆ ಆಟವಾಡಿಸುವ, ಮಂದಿಯನ್ನು ರಂಜಿಸುವ ಕಲೆಯನ್ನು ಅವನಿಗೆ ಕಲಿಸಿದ. ಹ್ಯಾಕೆನ್‌ಸ್ಮಿತ್ ಸಂಗೀತ ಸಭಾಂಗಣಗಳ ತಾರೆಯಾದ. ಅವನ ಪಟ್ಟು ಮೊದಲಿನಷ್ಟೇ ಇತ್ತು. ತಾರೆಯಾಗಲು ಅದನ್ನು ಸ್ವಲ್ಪ ಬಚ್ಚಿಡಬೇಕಾಯಿತು.

ಇದನ್ನು ಓದುವಾಗ ನನಗೆ ದೊಡ್ಡಪ್ಪನ ನೆನಪಾಯಿತು. ಆತ ಮಾತು ಕಡಿಮೆ, ಮೀಸೆ ಇನ್ನೂ ಕಡಿಮೆ. ಜಾತ್ರೆಯ ಕಣಕ್ಕೆ ಇಳಿದರೆ ತೊಡೆ ತಟ್ಟುತ್ತಿರಲಿಲ್ಲ, ಕಣ ಸುತ್ತುತ್ತಿರಲಿಲ್ಲ. ಕೈ ಹಿಡಿದ, ಕಾಲು ಕೊಟ್ಟ, ಎದುರಾಳಿಯ ಬೆನ್ನು ಮಣ್ಣಿಗೆ ಮುಟ್ಟಿಸಿದ, ಎದ್ದು ಬಂದ. ಹೊನ್ನಾಳಿ ಕಡೆಯ ಜಾತ್ರೆಯೊಂದರ ಮುಖಂಡರು ಇವನನ್ನು ಕರೆಸಿದರೆ ಜನ ಬಂದ ಬಂಡಿ ಬಿಚ್ಚುವುದರೊಳಗೆ ಕುಸ್ತಿ ಮುಗಿದುಹೋಗುತ್ತದೆಂದು ಗೊಣಗಿದ್ದರಂತೆ. ಅವರು ಕರೆಸುತ್ತಿದ್ದುದು ದೊಡ್ಡಪ್ಪನ ಕೈಯಲ್ಲೇ ಪಳಗಿದ ಇನ್ನೊಬ್ಬನನ್ನು. ಆತ ಎತ್ತರದ ಆಳು, ನಗುಮುಖ. ಸೋಲುವಂತೆ ನಟಿಸಿ ಕೊನೆಗೆ ಗೆಲ್ಲುವ ಚಾಣಾಕ್ಷ. ಬೆಳ್ಳಿಯ ಕಡಗಗಳು ಅವನ ತೋಳಿಗೇ ಹೋದವು. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ.

ಗಾಮಾನ ವಿಷಯಕ್ಕೆ ಬರೋಣ. ಲಂಡನ್ನಿನ ಪಂದ್ಯಾವಳಿಯವರು ಅವನ ಗಿಡ್ಡ ಆಕಾರವನ್ನು ನೋಡಿ ಪ್ರವೇಶವನ್ನೇ ನಿರಾಕರಿಸಿದರು. ಯಾವ ತೂಕದವರಾದರೂ ಸರಿ, ಯಾವುದೇ ಮೂವರನ್ನು ಅರ್ಧ ಗಂಟೆಯೊಳಗೆ ಕೆಡವುತ್ತೇನೆಂದು ಗಾಮಾ ಸವಾಲು ಹಾಕಿದ. ಅದನ್ನು ಮೊದಲಿಗೆ ಯಾರೂ ನಂಬಲಿಲ್ಲ. ಜಾಹೀರಾತಿನ ತಂತ್ರವೆಂದು ಬಗೆದರು. ಕಡೆಗೆ ಎದುರು ನಿಂತವನು ಅಮೆರಿಕದ ವೈದ್ಯ ಪೈಲ್ವಾನ ಬೆಂಜಮಿನ್ ರೋಲರ್. ಗಾಮಾ ಅವನನ್ನು ಮೊದಲ ಸಲ ಎರಡು ನಿಮಿಷದೊಳಗೆ, ಎರಡನೆಯ ಸಲ ಹತ್ತು ನಿಮಿಷದೊಳಗೆ ಚಿತ್ ಮಾಡಿದ. ಇಮಾಮ್ ಬಕ್ಷ್ ಸ್ವಿಟ್ಜರ್ಲೆಂಡಿನ ಜಾನ್ ಲೆಮ್ಮನನ್ನು ಸೋಲಿಸಿದ. ಇನ್ನು ಅಣ್ಣನನ್ನು ದೊಡ್ಡ ಕಣಕ್ಕೆ ಬಿಡದೆ ಗತ್ಯಂತರವಿರಲಿಲ್ಲ.

1910ರ ಸೆಪ್ಟೆಂಬರ್ 10ರಂದು ಗಾಮಾನ ಎದುರು ನಿಂತವನು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಶ್ಕೊ. ಪಣ 250 ಪೌಂಡ್ ಮತ್ತು ಜಾನ್ ಬುಲ್ ಪಟ್ಟಿ. ಕುಸ್ತಿ ಆರಂಭವಾದ ಒಂದು ನಿಮಿಷದೊಳಗೇ ಜ್ಬಿಶ್ಕೊ ಕೆಳಕ್ಕೆ ಬಿದ್ದ. ಆದರೆ ಬೆನ್ನು ಕೊಡಲಿಲ್ಲ. ಹಾಸಿಗೆ ಕಚ್ಚಿ, ಹೊಟ್ಟೆಯ ಮೇಲೆ ಮಲಗಿ, ಸುಮಾರು ಎರಡು ಗಂಟೆ ಮೂವತ್ತೈದು ನಿಮಿಷ ಹಾಗೇ ಉಳಿದ. ಅವನ ಭಾರವಾದ ದೇಹವನ್ನು ಮಗುಚಲು ಗಾಮಾನಿಂದ ಆಗಲಿಲ್ಲ. ಕುಸ್ತಿ ಸಮವೆಂದು ಸಾರಬೇಕಾಯಿತು. ನೋಡುಗರಿಗೆ ಇದಕ್ಕಿಂತ ಬೇಸರದ ಪಂದ್ಯ ಇನ್ನೊಂದಿರಲಾರದು. ಮುಂದಿನ ಶನಿವಾರ, ಸೆಪ್ಟೆಂಬರ್ 17ರಂದು, ಮತ್ತೆ ಸೇರಬೇಕೆಂದು ಗೊತ್ತಾಯಿತು. ಅಂದು ಗಾಮಾ ಬಂದ, ಜ್ಬಿಶ್ಕೊ ಬರಲಿಲ್ಲ. ಪಟ್ಟಿ ಗಾಮಾನ ಸೊಂಟಕ್ಕೆ ಬಂತು.

ಇಷ್ಟಾದ ಮೇಲೆ ಪಶ್ಚಿಮದ ಕುಸ್ತಿಲೋಕ ಅವನಿಗೆ ಬಾಗಿಲು ತೆರೆಯಬೇಕಾಗಿತ್ತು. ಆದದ್ದು ಬೇರೆ. ಹ್ಯಾಕೆನ್‌ಸ್ಮಿತ್‌ನೊಡನೆಯಾಗಲಿ, ಅವನನ್ನು 1908ರಲ್ಲಿ ಷಿಕಾಗೋದಲ್ಲಿ ಸೋಲಿಸಿದ್ದ ಅಮೆರಿಕದ ಫ್ರಾಂಕ್ ಗಾಚ್‌ನೊಡನೆಯಾಗಲಿ ಗಾಮಾನ ಕುಸ್ತಿ ನಡೆಯಲೇ ಇಲ್ಲ. ಗೆಲ್ಲುವ ಭರವಸೆ ಇಲ್ಲದ, ಗೆದ್ದರೂ ಲಾಭವಿಲ್ಲದ, ಸೋತರೆ ಹೆಸರು ಹೋಗುವ ವ್ಯವಹಾರಕ್ಕೆ ಯಾವ ವರ್ತಕ ತಾನೇ ಕೈ ಹಾಕಿಯಾನು? ಅತಿಯಾದ ನೈಪುಣ್ಯಕ್ಕೆ ಮಾರುಕಟ್ಟೆಯೇ ಇಲ್ಲದಂತಾಗುವುದನ್ನು ನಾನು ಪುಸ್ತಕಗಳಲ್ಲಿ ಓದಿರಲಿಲ್ಲ. ಗಾಮಾನ ಬದುಕಿನಲ್ಲಿ ಕಂಡೆ. ಆತ ತಾಯ್ನಾಡಿಗೆ ಮರಳಿದ. ಅಲಹಾಬಾದಿನಲ್ಲಿ ರಹೀಮ್ ಬಕ್ಷನನ್ನು ಕೊನೆಗೂ ಸೋಲಿಸಿ ರುಸ್ತುಮ್-ಎ-ಹಿಂದ್ ಎಂಬ ಬಿರುದಿಗೆ ಪಾತ್ರನಾದ. ಅನಂತರ ಪಟಿಯಾಲದ ಮಹಾರಾಜರ ಆಶ್ರಯ ದೊರೆಯಿತು.

ಅತ್ತ ಅಮೆರಿಕದಲ್ಲಿ ಕುಸ್ತಿ ಇನ್ನೊಂದು ದಾರಿ ಹಿಡಿದಿತ್ತು. 1920ರ ದಶಕದಲ್ಲಿ ಎಡ್ ಲೂಯಿಸ್ ಎಂಬ ಚಾಂಪಿಯನ್ ಮತ್ತು ಅವನ ಇಬ್ಬರು ಪಾಲುದಾರರು ಸೋಲು ಗೆಲುವನ್ನು ಮೊದಲೇ ಗೊತ್ತುಮಾಡಿ, ಕುಸ್ತಿಯನ್ನು ಊರೂರಿಗೆ ಒಯ್ಯುವ ವ್ಯವಸ್ಥೆ ಕಟ್ಟಿದರು. ಅವರ ಕಣ್ಣಿಗೆ ಬಿದ್ದವನು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ವೇಯ್ನ್ ಮನ್. ಆರೂವರೆ ಅಡಿ ಎತ್ತರ, ಕಟ್ಟುಮಸ್ತು ದೇಹ, ಜನಪ್ರಿಯ ಹೆಸರು. ಇಲ್ಲದ್ದು ಒಂದೇ, ಕುಸ್ತಿಯ ವಿದ್ಯೆ. 1925ರ ಜನವರಿಯಲ್ಲಿ ಕನ್ಸಾಸ್ ಸಿಟಿಯಲ್ಲಿ ಲೂಯಿಸ್ ಅವನಿಗೆ ಬೇಕೆಂದೇ ಸೋತ. ಮನ್ ವಿಶ್ವ ಚಾಂಪಿಯನ್ ಎನಿಸಿದ. ಶುದ್ಧ ವರ್ಚಸ್ಸಿನ ಮೇಲೆ ನಿಂತ ಚಾಂಪಿಯನ್. ಟಿಕೆಟ್ಟುಗಳು ಮಾರಾಟವಾದವು, ಪಾಲುದಾರರ ಲೆಕ್ಕ ತಪ್ಪಿರಲಿಲ್ಲ.

ಹೊಸ ಚಾಂಪಿಯನ್ನನಿಗೆ ಗಂಭೀರ ಪೈಲ್ವಾನನೊಬ್ಬನ ಮೇಲೆ ಗೆಲುವು ಬೇಕಿತ್ತು. ಅದಕ್ಕಾಗಿ ಕರೆಸಿದ್ದು, ಲಂಡನ್ನಿನಲ್ಲಿ ಗಾಮಾನೆದುರು ಹಾಸಿಗೆ ಕಚ್ಚಿ ಮಲಗಿದ್ದ ಅದೇ ಜ್ಬಿಶ್ಕೊನನ್ನು. ವಯಸ್ಸು ನಲವತ್ತೈದು ದಾಟಿತ್ತು. ಹಣ ಪಡೆದು ಸೋಲುವುದೆಂದು ಮಾತಾಗಿತ್ತು. 1925ರ ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಕಣಕ್ಕೆ ಇಳಿದ ಆ ಮುದಿ ಪೈಲ್ವಾನ ಮಾತು ಮುರಿದ. ನಿಜವಾದ ಕುಸ್ತಿ ಹೂಡಿ, ಮನ್‌ನನ್ನು ಮತ್ತೆ ಮತ್ತೆ ಕೆಡವಿ, ಬೆನ್ನು ನೆಲಕ್ಕೆ ಒತ್ತಿ ಹಿಡಿದ. ಪಕ್ಷಪಾತದ ಆರೋಪ ಹೊರಿಸಲು ಯಾವ ಎಡೆಯೂ ಉಳಿಯಲಿಲ್ಲ. ಜ್ಬಿಶ್ಕೊ ಇದನ್ನು ಧರ್ಮಕ್ಕಾಗಿ ಮಾಡಿದನೆಂದು ಯಾರೂ ತಿಳಿಯಬೇಕಿಲ್ಲ. ಎದುರು ಬಣದವರೊಡನೆ ಅವನ ಒಪ್ಪಂದ ಆಗಿತ್ತು. ಮುಂದಿನ ತಿಂಗಳೇ ಆ ಬಣದ ಜೋ ಸ್ಟೆಚರ್‌ಗೆ ಪಟ್ಟ ಬಿಟ್ಟುಕೊಟ್ಟ. ಆದರೂ ಆ ಒಂದು ಸಂಜೆ ಲೋಕಕ್ಕೆ ಒಂದು ಪಾಠ ಕಲಿಸಿತು. ಚಿನ್ನದ ಬೆಂಬಲವಿಲ್ಲದೆ ಅಚ್ಚು ಹಾಕಿದ ನೋಟು ಎಲ್ಲರೂ ನಂಬಿರುವವರೆಗೆ ಚೆನ್ನಾಗಿಯೇ ಚಲಾವಣೆಯಾಗುತ್ತದೆ. ಯಾರೋ ಒಬ್ಬ ಅದನ್ನು ಹಿಡಿದು ಖಜಾನೆಯ ಬಾಗಿಲಿಗೆ ಬಂದು ಚಿನ್ನ ಕೊಡಿ ಎಂದು ಕೇಳಿದ ದಿನ ಅದರ ಬೆಲೆ ಮುಗಿಯಿತು.

ಈ ಜ್ಬಿಶ್ಕೊ 1928ರ ಜನವರಿಯಲ್ಲಿ ಪಟಿಯಾಲಕ್ಕೆ ಬಂದ. ಹದಿನೇಳು ವರ್ಷಗಳ ಹಿಂದಿನ ಬಾಕಿ ತೀರಿಸಬೇಕಾಗಿತ್ತು. ಮಹಾರಾಜ ಭೂಪಿಂದರ್ ಸಿಂಗ್ ಏರ್ಪಡಿಸಿದ್ದ ಕಣದ ಸುತ್ತ ಸಾವಿರಾರು ಮಂದಿ ನೆರೆದಿದ್ದರು. ಗಾಮಾನಿಗೆ ಐವತ್ತರ ಹತ್ತಿರ, ಜ್ಬಿಶ್ಕೊನಿಗೂ ಹೆಚ್ಚುಕಡಿಮೆ ಅಷ್ಟೇ. ಈ ಸಲ ಹಾಸಿಗೆ ಇರಲಿಲ್ಲ, ಇದ್ದದ್ದು ಮಣ್ಣು. ಒಂದು ನಿಮಿಷ ತುಂಬುವುದರೊಳಗೆ ಜ್ಬಿಶ್ಕೊನ ಬೆನ್ನು ಆ ಮಣ್ಣಿಗೆ ಅಂಟಿತು. ದೂರದೂರಿನಿಂದ ಬಂದ ಜನ ಈ ಸಲ ಬೇಸರಪಡಲಿಲ್ಲ. ಹ್ಯಾಕೆನ್‌ಸ್ಮಿತ್‌ನಿಗೆ ಲಂಡನ್ನಿನಲ್ಲಿ ಮುಳುವಾದ ಆ ಒಂದು ನಿಮಿಷ ಗಾಮಾನಿಗೆ ಪಟಿಯಾಲದಲ್ಲಿ ಕಿರೀಟವಾಯಿತು. ಏಕೆಂದರೆ ಇಲ್ಲಿನ ಮಂದಿಗೆ ಆ ನಿಮಿಷದ ಹಿಂದಿನ ನಲವತ್ತು ವರ್ಷ ಗೊತ್ತಿತ್ತು. ಪಟ್ಟನ್ನು ಬಲ್ಲ ಪ್ರೇಕ್ಷಕರಿರುವ ಕಡೆ ವರ್ಚಸ್ಸಿಗೆ ಬೇರೆ ವೇಷ ಬೇಕಾಗುವುದಿಲ್ಲ.

ಮರುವರ್ಷ ಜೆಸ್ಸಿ ಪೀಟರ್ಸನ್ ಎಂಬ ಪರದೇಶಿ ಪೈಲ್ವಾನನನ್ನೂ ಗಾಮಾ ಎರಡು ನಿಮಿಷದೊಳಗೆ ಸೋಲಿಸಿದ. ಅದರಾಚೆಗೆ ಎದುರು ನಿಲ್ಲುವವರು ಸಿಗಲಿಲ್ಲ. ಕುಸ್ತಿಯಿಲ್ಲದ ಪೈಲ್ವಾನನ ಸುತ್ತ ಕಥೆಗಳು ಬೆಳೆಯುತ್ತವೆ. 1902ರಲ್ಲಿ ಗಾಮಾ ಬರೋಡಾದಲ್ಲಿ ಒಂದು ಕಲ್ಲನ್ನು ಎತ್ತಿ ನಡೆದನೆಂದು ಪ್ರತೀತಿ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲು ಇದೆ. ತೂಕ 1,200 ಕಿಲೋ ಎನ್ನುತ್ತಾರೆ. ಮನುಷ್ಯಮಾತ್ರನಿಂದ ಆಗುವ ಕೆಲಸವಲ್ಲ ಎಂದು ನನ್ನ ಬುದ್ಧಿ ಹೇಳುತ್ತದೆ. ಆದರೂ ಆ ಕಲ್ಲನ್ನು ನಾನು ಸುಳ್ಳೆಂದು ಕರೆಯಲಾರೆ. ಜನ ಒಬ್ಬನ ಮೇಲೆ ಇಟ್ಟ ನಂಬಿಕೆಯ ತೂಕ ಅದು.

ಆ ನಂಬಿಕೆಯ ನಿಜವಾದ ಪರೀಕ್ಷೆ ನಡೆದದ್ದು ಕುಸ್ತಿಯ ಕಣದಲ್ಲಲ್ಲ. 1947ರಲ್ಲಿ ದೇಶ ಒಡೆದಾಗ ಗಾಮಾ ಲಾಹೋರಿನ ಮೋಹಿನಿ ರಸ್ತೆಯಲ್ಲಿದ್ದ. ಆ ಬೀದಿಯಲ್ಲಿ ಹಿಂದೂ ಕುಟುಂಬಗಳಿದ್ದವು. ಅವರ ಮೇಲೆ ಏರಿಬಂದ ಗುಂಪಿನೆದುರು ಗಾಮಾ ತನ್ನ ಶಿಷ್ಯರೊಡನೆ ನಿಂತ. ಗುಂಪು ಹಿಂದೆ ಸರಿಯಿತು. ಮುಂದೆ ಆ ಕುಟುಂಬಗಳನ್ನು ತಾನೇ ಗಡಿಯವರೆಗೆ ಕಳುಹಿಸಿಕೊಟ್ಟ. ಅಂದು ಅವನಿಗೆ ಎಪ್ಪತ್ತರ ಹತ್ತಿರ. ಕಣಕ್ಕೆ ಇಳಿದು ಸುಮಾರು ಇಪ್ಪತ್ತು ವರ್ಷವಾಗಿತ್ತು. ಆಯುಧ ಹಿಡಿದ ಗುಂಪನ್ನು ತಡೆಯಲು ಎಂಥ ಪಟ್ಟೂ ಸಾಲದು. ಅಲ್ಲಿ ಕೆಲಸ ಮಾಡಿದ್ದು ವರ್ಚಸ್ಸೊಂದೇ. ಆದರೆ ಆ ವರ್ಚಸ್ಸು ಬಂದದ್ದೆಲ್ಲಿಂದ? ನಸುಕಿನಲ್ಲಿ ಹೊಡೆದ ದಂಡ ಬಸ್ಕಿಗಳಿಂದ, ರಹೀಮನೆದುರು ಸೋಲದೆ ನಿಂತ ಗಂಟೆಗಳಿಂದ, ಪಟಿಯಾಲದ ಆ ಒಂದು ನಿಮಿಷದಿಂದ. ಅರವತ್ತು ವರ್ಷ ಕೂಡಿಟ್ಟದ್ದನ್ನೆಲ್ಲ ಆತ ಒಂದೇ ದಿನ, ನೆರೆಯವರ ಪ್ರಾಣಕ್ಕಾಗಿ ಖರ್ಚು ಮಾಡಿದ. ಮನ್‌ನ ವರ್ಚಸ್ಸನ್ನು ಆ ಬೀದಿಯಲ್ಲಿ ನಿಲ್ಲಿಸಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ರಾಜರ ಕಾಲ ಮುಗಿದಿತ್ತು. ಪೈಲ್ವಾನರನ್ನು ಸಾಕುವವರು ಉಳಿದಿರಲಿಲ್ಲ. ಗಾಮಾನ ಕೊನೆಯ ವರ್ಷಗಳು ಕಾಯಿಲೆಯಲ್ಲಿ, ಬಡತನದಲ್ಲಿ ಕಳೆದವು. ಗಡಿಯ ಈಚೆಯಿಂದ ಉದ್ಯಮಿ ಘನಶ್ಯಾಮದಾಸ್ ಬಿರ್ಲಾ ಎರಡು ಸಾವಿರ ರೂಪಾಯಿ ಕಳುಹಿಸಿ, ತಿಂಗಳಿಗೆ 300 ರೂಪಾಯಿ ಮಾಸಾಶನ ಗೊತ್ತುಮಾಡಿದರು. ಪಾಕಿಸ್ತಾನ ಸರ್ಕಾರವೂ ನೆರವಾಯಿತು. 1960ರ ಮೇ 23ರಂದು ಗಾಮಾ ಲಾಹೋರಿನಲ್ಲಿ ತೀರಿಕೊಂಡ. ಅವನ ಹಳೆಯ ಎದುರಾಳಿ ಜ್ಬಿಶ್ಕೊ ಅದಕ್ಕೆ ಹತ್ತು ವರ್ಷ ಮೊದಲು, 1950ರಲ್ಲಿ, ನೈಟ್ ಅಂಡ್ ದ ಸಿಟಿ ಎಂಬ ಚಲನಚಿತ್ರದಲ್ಲಿ ನಟಿಸಿದ್ದ. ತೋರಿಕೆಯ ಕುಸ್ತಿಯನ್ನು ಕಂಡು ಹೇಸುವ ಮುದಿ ಪೈಲ್ವಾನನ ಪಾತ್ರ ಅದು. ಆ ಪಾತ್ರಕ್ಕೆ ಅವನಿಗಿಂತ ಅರ್ಹನಾದ ನಟ ಲೋಕದಲ್ಲಿ ಇನ್ನೊಬ್ಬನಿರಲಿಲ್ಲ.

ಇನ್ನು ನನ್ನ ಸ್ವಂತದ್ದೊಂದು ಮಾತು. ಇಳಿವಯಸ್ಸಿನ ಪೈಲ್ವಾನರಿಗೆ ಮಾಸಾಶನ ನೀಡುವ ಯೋಜನೆ ನಮ್ಮ ರಾಜ್ಯದಲ್ಲಿದೆ. ದೊಡ್ಡಪ್ಪ ಅರ್ಜಿ ಹಾಕಿದಾಗ ಕಚೇರಿಯವರು ದಾಖಲೆ ಕೇಳಿದರು. ಪ್ರಶಸ್ತಿಪತ್ರ, ಪದಕ, ಪತ್ರಿಕೆಯಲ್ಲಿ ಬಂದ ಚಿತ್ರ, ಏನಾದರೂ ಸರಿ. ಅವನಲ್ಲಿ ಇದ್ದದ್ದು ಮುರಿದು ಗಂಟುಗಟ್ಟಿದ ಎರಡು ಕಿವಿಗಳು ಮಾತ್ರ. ಬೆಳ್ಳಿಯ ಕಡಗದ ಶಿಷ್ಯನಿಗೆ ಮಾಸಾಶನ ಮಂಜೂರಾಯಿತು. ಗುರುವಿನ ಅರ್ಜಿ ಹಿಂದಿರುಗಿತು. ಆ ಶಿಷ್ಯ ತಾನೇ ಬಂದು, ತನಗೆ ಪಟ್ಟು ಕಲಿಸಿದವರು ಇವರೆಂದು ಬರೆದುಕೊಡುತ್ತೇನೆಂದ. ಅಂಥ ಸಾಕ್ಷ್ಯಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ. ದೊಡ್ಡಪ್ಪ ನನ್ನನ್ನು ಏನೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಧಿಕಾರಿಯಾದವನು ಬಂಧುವಿಗಾಗಿ ಶಿಫಾರಸು ಮಾಡಬಾರದೆಂಬ ನಿಯಮದ ಹಿಂದೆ ಅಡಗಿಕೊಂಡೆ. ಅದು ಒಳ್ಳೆಯ ನಿಯಮವೇ. ಆದರೆ ಬೇರೊಂದು ಜಿಲ್ಲೆಯಲ್ಲಿ ಅಂಥದೇ ಮೇಜಿನ ಹಿಂದೆ ಕುಳಿತು, ನನಗೆ ಬಂಧುಗಳಲ್ಲದ ಎಷ್ಟೋ ಮುದುಕರ ಅರ್ಜಿಗಳನ್ನು ದಾಖಲೆ ಸಾಲದೆಂದು ನಾನೇ ಹಿಂದಿರುಗಿಸಿದ್ದೆ. ಅವರ ಊರಿನ ಗರಡಿಗೆ ಹೋಗಿ ನಾಲ್ಕು ಜನರನ್ನು ವಿಚಾರಿಸಲು ನನಗೆ ಯಾವ ನಿಯಮವೂ ಅಡ್ಡಬಂದಿರಲಿಲ್ಲ. ದೊಡ್ಡಪ್ಪ ತೀರಿಕೊಂಡು ಈಗ ಹಲವು ವರ್ಷಗಳಾದವು.

ಹಾಗಾಗಿ ಮೊಮ್ಮಗನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಪಟ್ಟು ಪೈಲ್ವಾನನನ್ನು ಮಾಡುತ್ತದೆ. ತಾರೆಯನ್ನು ಮಾಡುವುದು ವರ್ಚಸ್ಸು. ಅವನು ನೋಡುವ ಅಮೆರಿಕದ ಕುಸ್ತಿಯಲ್ಲೂ ಎತ್ತರದಿಂದ ಬಿದ್ದು ಪೆಟ್ಟಾಗದೆ ಏಳುವುದು ವಿದ್ಯೆಯೇ. ಆದರೆ ಅಲ್ಲಿ ಹಣ ತರುವುದು ಮುಖ ಮತ್ತು ಮಾತು. ದಾರಾ ಸಿಂಗ್ ಅವರಲ್ಲಿ ಎರಡೂ ಕೂಡಿದ್ದವು. ಅದರಿಂದಲೇ ಕುಸ್ತಿಯನ್ನು ಎಂದೂ ನೋಡದ ಮನೆಗಳವರು ಕೂಡ 1987ರ ರಾಮಾಯಣ ಧಾರಾವಾಹಿಯಲ್ಲಿ ಅವರನ್ನು ಆಂಜನೇಯನೆಂದು ಕೈಮುಗಿದು ನೋಡಿದರು. ವರ್ಚಸ್ಸು ತಾನಾಗಿ ಕೆಟ್ಟದ್ದಲ್ಲ. ಕೂಡಿಟ್ಟ ಪಟ್ಟಿಗೆ ಜನ ಕೊಡುವ ಬಡ್ಡಿ ಅದು ಎನ್ನಬಹುದು. ಅಸಲಿಲ್ಲದೆ ಬಡ್ಡಿ ತಿಂದವನ ಗತಿ ಫಿಲಡೆಲ್ಫಿಯಾದಲ್ಲಿ ತೀರ್ಮಾನವಾಯಿತು. ಅಸಲಿದ್ದೂ ಬಡ್ಡಿ ಸಿಗದವರ ಲೆಕ್ಕ ಮಾತ್ರ ಯಾವ ಕಡತದಲ್ಲಿಯೂ ಇಲ್ಲ. ಅವರ ಪಟ್ಟನ್ನು ನೋಡಿ ಗುರುತಿಸುವುದು ಮೇಜಿನ ಹಿಂದೆ ಕುಳಿತವರ ಕೆಲಸ. ಅದನ್ನು ನಾನು ಸರಿಯಾಗಿ ಮಾಡಲಿಲ್ಲ.

ರಜೆ ಮುಗಿಯುವ ಮುನ್ನ ಮೊಮ್ಮಗನನ್ನು ಗರಡಿಗೆ ಕರೆದೊಯ್ದೆ. ಮಟ್ಟಿಯ ಮಣ್ಣು ಗಟ್ಟಿಯಾಗಿತ್ತು; ಸಾಮು ತೆಗೆಯುವ ಹುಡುಗರು ಈಗ ಮೂರೋ ನಾಲ್ಕೋ. ಆಂಜನೇಯನ ಪಕ್ಕದಲ್ಲಿ ಗಾಮಾ ಇನ್ನೂ ಇದ್ದ. ಅವನ ಕೆಳಗೆ, ಮೊಳೆ ಹೊಡೆಸಿ, ದೊಡ್ಡಪ್ಪನ ಒಂದು ಭಾವಚಿತ್ರ ಹಾಕಿಸಿದೆ. ಪಡಿತರ ಚೀಟಿಗಾಗಿ ತೆಗೆಸಿದ್ದ ಚಿತ್ರವನ್ನು ದೊಡ್ಡದು ಮಾಡಿಸಿದ್ದು, ಬೇರೆ ಇರಲಿಲ್ಲ. ಹುಡುಗ ಅದನ್ನು ಬಹಳ ಹೊತ್ತು ನೋಡಿ, ಆ ಕಿವಿಗಳೇಕೆ ಹಾಗಿವೆ ಎಂದು ಕೇಳಿದ. ಕೆಮ್ಮಣ್ಣಿನ ಅಂಚಿನಲ್ಲಿ ಕುಳಿತು ಹೇಳತೊಡಗಿದೆ.